ಗ್ಯಾರೇಜಿನ ಬಿಯರು, ಗಂಡನ ಹೆಸರು

ನೆದರ್ಲೆಂಡ್ಸಿನ ಬೆಸ್ಟ್ ಎಂಬ ಊರಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಗೆ ಗ್ಯಾರೇಜೊಂದಿತ್ತು. ಗಂಡ ಕಾರನ್ನು ರಸ್ತೆಯಲ್ಲೇ ನಿಲ್ಲಿಸುತ್ತಿದ್ದುದರಿಂದ ಅದರೊಳಗೆ ಎರಡು ಸೈಕಲ್ಲು, ಬಿಚ್ಚದ ರಟ್ಟಿನ ಪೆಟ್ಟಿಗೆಗಳು ಮಾತ್ರ ಇದ್ದವು. ನಾನು ಮಂಗಳೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ನಾಲ್ಕು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದ್ದವಳು. ಇಲ್ಲಿ ಎಲ್ಲಿ ಅರ್ಜಿ ಹಾಕಿದರೂ ಒಂದೇ ಉತ್ತರ: ಡಚ್ ಬರಬೇಕು.

ಪಕ್ಕದ ಮನೆಯ ನಿವೃತ್ತ ಮುದುಕರು ತಮಗಾಗಿ ಬಿಯರ್ ಮಾಡಿಕೊಳ್ಳುತ್ತಿದ್ದರು. ನನ್ನ ಓದಿನ ವಿಷಯ ತಿಳಿದ ದಿನವೇ ಬಿಯರ್ ಹುದುಗಿಸುವ, ಮುಚ್ಚಳವೂ ನಲ್ಲಿಯೂ ಇದ್ದ ದೊಡ್ಡ ಪ್ಲಾಸ್ಟಿಕ್ ಬಕೆಟ್ ಹೊತ್ತು ತಂದರು. "ಯೀಸ್ಟ್ ಬಗ್ಗೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಸುಮ್ಮನೆ ಯಾಕೆ ಕೂತಿದ್ದೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಒಂದು ವಾರ ಗ್ಯಾರೇಜಿನ ನೆಲ ತಿಕ್ಕಿದೆ. ಗೋಡೆಗೆ ಹಲಗೆ ಹೊಡೆದೆ. ಯಾರೋ ಮಾರುತ್ತಿದ್ದ ಹಳೆಯ ಸ್ಟೀಲ್ ಹಂಡೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದೆ. ಚಳಿಗೆ ಯೀಸ್ಟ್ ಮಂಕಾಗುತ್ತದೆಂದು ಬಕೆಟ್ಟಿಗೆ ಕಂಬಳಿ ಸುತ್ತಿದೆ. ಮೊದಲ ಸಲದ್ದು ಪೂರ್ತಿ ಹುಳಿಯಾಯಿತು. ಬಕೆಟ್ಟಿನ ನಲ್ಲಿ ಬಿಚ್ಚಿ ನೋಡಿದರೆ ಒಳಗೆ ಕಿಲುಬಿನಂಥ ಕೊಳೆ. ಲ್ಯಾಬಿನವಳಾಗಿ ಇಷ್ಟೂ ನೋಡಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನವೇ ಒಂದು ನೋಟ್‌ಬುಕ್ ಇಟ್ಟೆ: ಎಷ್ಟು ಬಿಸಿ, ಎಷ್ಟು ಹೊತ್ತು, ಏನು ತೊಳೆದೆ, ಏನು ಮರೆತೆ. ಮೂರನೆಯ ಸಲ ಗೋಧಿ ಬಿಯರಿಗೆ ಊರಿನಿಂದ ತಂದಿದ್ದ ಕೊತ್ತಂಬರಿ ಬೀಜ ಜಜ್ಜಿ ಹಾಕಿದೆ. ಮುದುಕರು ಕುಡಿದು ಲೋಟ ಮತ್ತೆ ಮುಂದೆ ಹಿಡಿದರು.

"ಮನೆಯೆಲ್ಲಾ ಏನ್ ಸ್ಮೆಲ್ ಇದು?" ಎನ್ನುತ್ತಿದ್ದ ಗಂಡ ಅದರ ನಂತರ ಗೆಳೆಯರನ್ನು ಕರೆಯತೊಡಗಿದ.

"ಹೋಮ್ ಮೇಡ್ ಕಣ್ರೋ, ಟೇಸ್ಟ್ ಮಾಡಿ."

"ಸೂಪರ್ ಮಗಾ! ಯಾವಾಗ ಕಲಿತೆ ಇದೆಲ್ಲಾ?"

ಅವನು ನಕ್ಕ. ಅಡುಗೆಮನೆಯಲ್ಲಿ ಬಜ್ಜಿ ಕರಿಯುತ್ತಿದ್ದ ನನಗೆ ಎಲ್ಲವೂ ಕೇಳಿಸಿತು. ಹೋಗಲಿ, ನಾಲ್ಕು ಜನರೆದುರು ಯಾಕೆ ರಾದ್ಧಾಂತ ಎಂದುಕೊಂಡು ಜಾಲರಿ ಸೌಟಿನಿಂದ ಎಣ್ಣೆ ಬಸಿದೆ. ಆ ದಿನ ಬಾಯಿಬಿಟ್ಟಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಬೇಸಿಗೆಯಲ್ಲಿ ಬೆಸ್ಟ್ ಊರಿನ ಸಮುದಾಯ ಭವನದಲ್ಲಿ ಮನೆಬಿಯರಿನ ಸ್ಪರ್ಧೆ ಇಟ್ಟರು. ಮುದುಕರೇ ಒತ್ತಾಯಿಸಿ ನನ್ನನ್ನು ಒಪ್ಪಿಸಿದರು. ಫಾರ್ಮ್ ಡಚ್ಚಿನಲ್ಲಿತ್ತು. "ಕೊಡು, ನಾನ್ ಫಿಲ್ ಮಾಡ್ತೀನಿ" ಎಂದ, ಆಫೀಸಿನಲ್ಲಿ ಅಷ್ಟಿಷ್ಟು ಡಚ್ ಕಲಿತಿದ್ದ ಗಂಡ. ಕೊಟ್ಟೆ.

ಕೊತ್ತಂಬರಿಯ ಬಿಯರಿಗೆ ಎರಡನೆಯ ಬಹುಮಾನ ಬಂತು. ವೇದಿಕೆಯಿಂದ ಕರೆದದ್ದು ನನ್ನ ಗಂಡನ ಹೆಸರನ್ನು. ಒಂದು ಕ್ಷಣ ಅವನೂ ತಬ್ಬಿಬ್ಬಾದಂತೆ ಕಂಡ. ಆಮೇಲೆ ಅಂಗಿ ಸರಿಮಾಡಿಕೊಂಡು ಎದ್ದು ಹೋದ. ಕೊತ್ತಂಬರಿಯ ಯೋಚನೆ ಹೇಗೆ ಬಂತೆಂದು ಯಾರೋ ಕೇಳಿದರು. "ನಮ್ಮ ಅಜ್ಜಿಯ ಅಡುಗೆಯಿಂದ" ಎಂದ. ಅವನ ಅಜ್ಜಿಯನ್ನು ನಾನು ಬಲ್ಲೆ. ಮದ್ಯದ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಿದ್ದ ಹೆಂಗಸು.

ಮುದುಕರು ತಿರುಗಿ ನನ್ನ ಮುಖ ನೋಡಿದರು. ನಾನು ಏಳುತ್ತೇನೆಂದು ಕಾದರೆಂದು ಕಾಣುತ್ತದೆ. ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಕಾರಿನಲ್ಲಿ ಕೇಳಿದೆ, "ನಿಮ್ಮ ಹೆಸರು ಯಾಕೆ ಬರೆದ್ರಿ?"

"ಫಾರ್ಮ್ ತುಂಬಿದ್ದು ನಾನಲ್ವಾ, ಹ್ಯಾಬಿಟ್ ಮೇಲೆ ಬರೆದೆ."

"ಅಲ್ಲಿ ಹೇಳ್ಬಹುದಿತ್ತಲ್ಲ?"

"ಫೋಟೋ ಊರಿನ ಗ್ರೂಪಿಗೆ ಹೋಗುತ್ತೆ. ಸೊಸೆ ಬಿಯರ್ ಮಾಡ್ತಾಳೆ ಅಂತ ಅಮ್ಮಂಗೆ ಗೊತ್ತಾದ್ರೆ? ನಿನ್ನ ಒಳ್ಳೇದಕ್ಕೇ ಆಯ್ತು, ಬಿಡು."

ಅದರಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಮುದುಕರು ಬೇಲಿಯಾಚೆಯಿಂದ, "ನೀನೇಕೆ ಹೇಳಲಿಲ್ಲ?" ಎಂದರು. ಗಂಡನ ಮೇಲಿದ್ದ ಸಿಟ್ಟು ಅವರ ಮೇಲೆ ತಿರುಗಿತು. "ಅದು ನಮ್ಮ ಮನೆಯ ವಿಷಯ" ಎಂದುಬಿಟ್ಟೆ. ಅವರು ತಲೆಯಾಡಿಸಿ ಒಳಗೆ ಹೋದರು. ಆಮೇಲೆ ಕಂಡಾಗ ಹವಾಮಾನದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಮತ್ತೆರಡು ಸಲ ಮಾಡಿದೆ. ಕೈಯಲ್ಲಿ ಕೆಲಸವಿತ್ತು, ಮನಸ್ಸಿರಲಿಲ್ಲ. ಹಂಡೆ ಮಾರಿದೆ, ಸಂಜೆಯ ಡಚ್ ತರಗತಿಗೆ ಸೇರಿದೆ. ಈಗ ಹಾಲು ಪರೀಕ್ಷಿಸುವ ಲ್ಯಾಬೊಂದರಲ್ಲಿದ್ದೇನೆ. ಅಲ್ಲಿನ ಫಾರ್ಮ್‌ಗಳನ್ನು ನಾನೇ ತುಂಬುತ್ತೇನೆ.

ಮೊನ್ನೆ ಊಟಕ್ಕೆ ಬಂದ ಗೆಳೆಯನೊಬ್ಬ ಗಂಡನನ್ನು ಕೇಳಿದ, "ಯಾಕೋ ಬಿಯರ್ ಮಾಡೋದು ಬಿಟ್ಬಿಟ್ಟೆ?"

"ಟೈಮ್ ಎಲ್ಲಿದೆ ಮಾರಾಯಾ" ಎಂದ ಅವನು, ನನ್ನ ಕಡೆ ನೋಡಬೇಕೆಂದೂ ಅನಿಸದವನಂತೆ. ಬಿಯರ್ ಮಾಡುತ್ತಿದ್ದವನು ತಾನೇ ಎಂದು ಅವನೇ ಈಗ ನಂಬಿದ್ದಾನೆ ಎಂದು ನನಗೆ ಆಗ ಹೊಳೆಯಿತು.