ಸೈಕಲ್ ದೀಪಕ್ಕೆ ಬಂದ ನಮಸ್ಕಾರ

ದೀಪದ ಅಂಗಡಿಗಳಲ್ಲಿ ಒಂದು ತೊಂದರೆಯಿದೆ. ಅವು ಹಗಲಿನಲ್ಲಿ ತೆರೆದಿರುತ್ತವೆ. ಬಟ್ಟೆಯನ್ನು ಎಳೆದು ನೋಡಬಹುದು, ಕಲ್ಲಂಗಡಿಯನ್ನು ಬಡಿದು ನೋಡಬಹುದು. ಸೈಕಲ್ಲಿನ ಮುಂದಿನ ದೀಪವನ್ನು ಬೈಲಹೊಂಗಲದ ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೇಗೆ ನೋಡುತ್ತೀರಿ? ಅಂಗಡಿಯವನು ನಿಮ್ಮ ಅಂಗೈ ಮೇಲೆ ಹಚ್ಚಿ ತೋರಿಸುತ್ತಾನೆ, ನೀವು ತಲೆಯಾಡಿಸುತ್ತೀರಿ. ನನ್ನ ಮಾತು ಕೇಳಿ, ತಲೆಯಾಡಿಸಬೇಡಿ.

ನಾನು ವೈದಿಕರ ಮನೆಯಲ್ಲಿ ಹುಟ್ಟಿ ಪಂಪ್‌ಸೆಟ್ ಮಾರುವವನು. ತಂದೆಯಿಂದ ಬಂದದ್ದು ಒಂದು ಆರತಿ ತಟ್ಟೆ, ಒಂದಷ್ಟು ಮಂತ್ರ. ಅಂಗಡಿಯನ್ನು ಬರೀ ಮಾತಿನಿಂದ ಕಟ್ಟಿದೆ. ರಾಮದುರ್ಗದ ನೇಕಾರರ ಮನೆಯಲ್ಲಿ ಕೂತು ಸೀರೆಗೆ ಚೌಕಾಸಿ ಮಾಡಿ, ಮೇಲೆ ಅವರದೇ ಚಹಾ ಕುಡಿದು ಎದ್ದುಬಂದವನು ಎಂದರೆ ಉಳಿದದ್ದು ನಿಮಗೆ ತಿಳಿಯುತ್ತದೆ.

ಸಂಜೆ ಬೈಲಹೊಂಗಲದ ಅಂಗಡಿ ಮುಚ್ಚಿ ಸಂಪಗಾಂವದ ಮನೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆ. ಸಕ್ಕರೆ ಕಾಯಿಲೆಗೆಂದು ಡಾಕ್ಟರರು ಹಚ್ಚಿಕೊಟ್ಟ ರೂಢಿ. ಈಗ ಅದು ಔಷಧವಾಗಿ ಉಳಿದಿಲ್ಲ. ಗಿರಾಕಿಯಿಲ್ಲ, ಫೋನಿಲ್ಲ, ಇಡೀ ದಿನದಲ್ಲಿ ನನ್ನದೆನ್ನುವ ಹೊತ್ತು ಅದೊಂದೇ. ಆದರೆ ಕಬ್ಬಿನ ಹಂಗಾಮು ಬಂತೆಂದರೆ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ತೆವಳುತ್ತವೆ. ಒಂದು ಸಂಜೆ ಟ್ರೈಲರ್ ಕಣ್ಣಿಗೆ ಬೀಳುವ ಮೊದಲೇ ಕಬ್ಬಿನ ಗರಿ ನನ್ನ ಕೆನ್ನೆ ಸವರಿತು. ಅದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಿದೆ. ನನ್ನ ಹೆಂಡತಿ ಶಾರದಾ ನಗಲಿಲ್ಲ.

“ಹಾದಿ ಕಾಣೋ ದೀಪ ತರೋತನಕ ಬಸ್ಸಿಗೆ ಬರ್ರಿ. ಅಂಥಾದ್ದು ಸಿಗಲಿಲ್ಲಂದ್ರ ಸೈಕಲ್ ಮಾರಿಬಿಡ್ರಿ.”

ನಾಲ್ಕು ತಾಲೂಕಿನಲ್ಲಿ ನನ್ನ ಚೌಕಾಸಿ ನಡೆಯದ ಜಾಗ ನಮ್ಮ ಅಡುಗೆಮನೆ ಒಂದೇ.

ಹುಡುಕಿದೆ. ಸವದತ್ತಿಯಲ್ಲಿ ತೋರಿಸಿದ ದೀಪದ ಗಾಜು ಅಲುಗಿಸಿದರೆ ಗಿಲಿಗಿಲಿ ಎನ್ನುತ್ತಿತ್ತು. ಬೈಲಹೊಂಗಲದಲ್ಲಿ ಡಬ್ಬಿಯ ಮೇಲಿನ ಅಂಕಿ ತೋರಿಸಿದರು. ಡಬ್ಬಿಯ ಅಂಕಿ ನಂಬಬೇಡಿ. ನಾನು ಮಾರುವ ಪಂಪುಗಳ ಡಬ್ಬಿಯ ಮೇಲೂ ಅಂಕಿಗಳಿವೆ. ಕೊನೆಗೆ ಕಿತ್ತೂರಿನ ಅಂಗಡಿಯೊಂದರಲ್ಲಿ, ಕತ್ತಲೆ ಇಲ್ಲದೆ ದೀಪ ಕೊಳ್ಳುವುದಿಲ್ಲ ಎಂದು ಹಟ ಹಿಡಿದು ಶಟರ್ ಇಳಿಸಲು ಹಚ್ಚಿದೆ. ನಮ್ಮ ಕಡೆ ಹಾಡುಹಗಲು ಶಟರ್ ಇಳಿಯಿತೆಂದರೆ ಯಾರೋ ಹೋದರೆಂದೇ ಅರ್ಥ. ಪಕ್ಕದ ಕಿರಾಣಿಯವರು ತಮ್ಮದನ್ನೂ ಅರ್ಧ ಇಳಿಸಿದರು. ಹೋಟೆಲಿನವರು ಬಂದು, ಹಿರಿಯರು ಯಾವಾಗ ತೀರಿಕೊಂಡರು ಎಂದು ಶಟರಿಗೇ ಬಾಯಿ ಹಚ್ಚಿ ಕೇಳಿದರು. ಒಳಗೆ ನಾನು ಗೋಡೆಯ ಮೇಲೆ ಒಂದೊಂದೇ ದೀಪ ಹಾಯಿಸುತ್ತಿದ್ದೆ.

“ಲಗೂ ಆರಸ್ರಿ, ಹೊರಗ ಮಂದಿ ನನ್ನ ಮಣ್ಣಿಗೆ ಬಂದು ನಿಂತಾರ,” ಎಂದ ಅಂಗಡಿಯವನು.

ಎಲ್ಲಕ್ಕಿಂತ ಪ್ರಖರವಾದದ್ದನ್ನು ಆರಿಸಿದೆ. ಹ್ಯಾಂಡಲಿಗೆ ಬಿಗಿಯುವ ಕ್ಲಿಪ್ಪನ್ನು ಪುಕ್ಕಟೆ ಕೊಡಿಸಿಕೊಂಡೆ.

ಅಂದಿನಿಂದ ನನ್ನ ಮರ್ಯಾದೆ ಏರಿತು. ಮುಸ್ಸಂಜೆ ದೀಪ ಹತ್ತಿದರೆ ನಮ್ಮವರ ಕೈ ತಾನಾಗಿ ಹಣೆಗೆ ಹೋಗುತ್ತದೆ. ದೇವರ ಮುಂದಿನ ಹಣತೆಗೂ ಅಷ್ಟೇ, ಅಂಗಡಿಯ ಟ್ಯೂಬ್‌ಲೈಟಿಗೂ ಅಷ್ಟೇ. ಹಾದಿಯಲ್ಲಿ ಎದುರು ಬಂದವರೆಲ್ಲ ನನ್ನನ್ನು ಕಂಡು ಹಣೆಗೆ ಕೈ ಒಯ್ಯತೊಡಗಿದರು. ಅರ್ಧ ದೀಪಕ್ಕೆ, ಅರ್ಧ ನನಗೆ ಎಂದು ಪಾಲು ಹಾಕಿಕೊಂಡು, ಗಂಟೆ ಬಾರಿಸಿ ಪ್ರತಿನಮಸ್ಕಾರ ಹೇಳುತ್ತ ಹೋದೆ. ಮನೆಯಲ್ಲೂ ಹೇಳಿದೆ. ಶಾರದಾ ಮೆಂತೆಸೊಪ್ಪು ಸೋಸುತ್ತ, ಪಂಪ್ ಮಾರುವವರಿಗೆ ಇಷ್ಟೊಂದು ನಮಸ್ಕಾರ ಯಾಕೆಂದು ಕೇಳಿದಳು.

ಕೆಲವು ದಿನಗಳ ಮೇಲೆ ಊರ ಹೊರಗೆ ಒಬ್ಬ ಹೆಣ್ಣುಮಗಳು ಸೆರಗು ಹೊದ್ದು, ಹಣೆಗೆ ಕೈಯಿಟ್ಟು ರಸ್ತೆಯಂಚಿಗೆ ನಿಂತಿದ್ದಳು. ಎಂಥ ಭಕ್ತಿ ಎಂದುಕೊಂಡು “ನಮಸ್ಕಾರ್ರಿ ತಾಯಿ” ಎಂದು ದಾಟಿದೆ. ಮನೆಗೆ ಬಂದರೆ ಬೀಗ. ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅದೇ ತಾಯಿ ಬಂದು ಬೀಗ ತೆಗೆದಳು.

“ನಿಮ್ಮ ಕೂಡ ಮಾತಾಡ್ಕೋತ ಬರೋಣಂತ ನಿಂತಿದ್ದೆ,” ಎಂದಳು ಶಾರದಾ. “ಕೈ ಎತ್ತಿದ್ದು ನಮಸ್ಕಾರಕ್ಕಲ್ಲ, ಕಣ್ಣು ಕುಕ್ಕತಿತ್ತು. ನಾನರ ನಿಂತಿದ್ದೆ, ಸೈಕಲ್ ಮ್ಯಾಲೆ ಬರೋರು ಒಂದು ಕೈ ಬಿಟ್ಟರ ಎಲ್ಲೆ ಹೋಗಿ ಬೀಳಬೇಕು? ಇಂಥಾ ದೀಪದಾಗ ಹೆಂಡ್ತಿ ಗುರುತು ಸಿಗಲಿಲ್ಲಂದ್ರ, ಟ್ರೈಲರ್ ಏನು ಕಂಡೀತು? ನಾಳಿಂದ ಬಸ್ಸು.”

ಆ ರಾತ್ರಿ ದೇವರ ಮನೆಯಲ್ಲಿ ತಂದೆಯ ಆರತಿ ತಟ್ಟೆ ಕಣ್ಣಿಗೆ ಬಿತ್ತು. ಆರತಿ ಪಾದದಿಂದ ಸುರುವಾಗಬೇಕು ಎನ್ನುವುದು ಅವರ ಶಾಸ್ತ್ರ. ಒಮ್ಮೆಲೇ ಮುಖಕ್ಕೆ ಹಿಡಿದರೆ ನನ್ನ ಬೆರಳಿಗೆ ಪೆಟ್ಟು ಬೀಳುತ್ತಿತ್ತು. ಆ ಪೆಟ್ಟಿನ ಅರ್ಥ ಇಷ್ಟು ತಡವಾಗಿ, ಹ್ಯಾಂಡಲಿನ ಸ್ಕ್ರೂ ಸಡಿಲಿಸುವಾಗ ಆಯಿತು. ಬೆಳಕು ಎದುರಿನವರ ಮೊಣಕಾಲು ಮೀರದ ಹಾಗೆ ದೀಪ ಬಗ್ಗಿಸಿದೆ. ನೀವೂ ಅಷ್ಟೇ ಮಾಡಿ.

ಇನ್ನೊಂದೇ ಸಂಜೆ ಕೊಡು ಎಂದು ಬೇಡಿಕೊಂಡೆ. ಮರುದಿನ ಅದೇ ಜಾಗದಲ್ಲಿ ಶಾರದಾ ಪರೀಕ್ಷೆಗೆ ನಿಂತಳು. ಅಲ್ಲಿಗೆ ಬರುವ ಮೊದಲೇ ಕೆಟ್ಟು ನಿಂತ ಟ್ರೈಲರೊಂದರ ಗಾಲಿ, ನೆಲ ಸವರುವ ಗರಿ ನನಗೆ ದೂರದಿಂದಲೇ ಕಂಡಿದ್ದವು. ಆಮೇಲೆ ಅವಳ ಚಪ್ಪಲಿ ಕಂಡಿತು, ಸೀರೆಯಂಚು ಕಂಡಿತು, ಬ್ರೇಕ್ ಹಿಡಿದೆ. ಅವಳು ಕೈ ಎತ್ತಲಿಲ್ಲ.

“ಈಗ ನಿಮ್ಮ ಮುಖಾ ಕಾಣತದ,” ಎಂದಳು. ಸೈಕಲ್ ಉಳಿಯಿತು.

ನಮಸ್ಕಾರಗಳು ನಿಂತುಹೋದವು. ಬದಲಿಗೆ ಜನ ಹೆಸರು ಹಿಡಿದು ಕರೆಯತೊಡಗಿದರು. ಯಾಕೆ ತಡವಾಯಿತು, ಮೋಟರು ಸುಟ್ಟಿದೆ, ನಾಳೆ ಬರಲೇ ಎಂದು. ಮೊನ್ನೆ ಹಾಲಿನ ಈರಪ್ಪ ಎದುರು ಬಂದು ಕೈ ಎತ್ತಿದ. ಮತ್ತೆ ಕಣ್ಣು ಕುಕ್ಕಿತೇನೋ ಎಂದುಕೊಂಡೆ. ಇಳಿದು ಅಂಗೈಯಿಂದ ದೀಪ ಮುಚ್ಚಿದೆ.

“ದೀಪಾ ಯಾಕ ಮುಚ್ಚಿದ್ರಿ? ನಮಸ್ಕಾರ ಮಾಡೇನಿ, ತಗೋರಿ,” ಎಂದ.

ತೆಗೆದುಕೊಂಡೆ. ರಾಶಿ ನಮಸ್ಕಾರ ಕೊಟ್ಟು ಒಂದನ್ನು ಪಡೆದ ವ್ಯಾಪಾರ ನನ್ನ ಜೀವಮಾನದಲ್ಲಿ ಇದೊಂದೇ. ಚೌಕಾಸಿ ಮಾಡಬೇಕೆನಿಸಲಿಲ್ಲ.