ಕೊಬ್ಬರಿ ಎಣ್ಣೆ ಕುಡಿದ ಕಾರು

ಎಣ್ಣೆ ಹಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿದ ಸೀಮೆ ನಮ್ಮದು. ಗುಬ್ಬಿಯ ಸುತ್ತ ಎಲ್ಲಿ ಕಲ್ಲೆಸೆದರೂ ತೆಂಗಿನ ಮರಕ್ಕೆ ತಾಗುತ್ತದೆ. ಹಾಗಾಗಿ ಮಗುವಿನ ನೆತ್ತಿಗೆ, ಹಸುವಿನ ಕೆಚ್ಚಲಿಗೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ನನ್ನ ಹೊಲಿಗೆ ಮೆಷಿನ್ನು ಅದನ್ನು ಕುಡಿದು ಅಂಟಿಕೊಂಡು ನಿಂತುಹೋದಾಗಲೂ ನಾನು ಮೆಷಿನ್ನಿಗೇ ಬೈದೆ, ಎಣ್ಣೆಗಲ್ಲ. ಆದರೆ ಕಾರಿಗೂ ಹಚ್ಚಬಹುದು ಎಂದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಪುಟ್ಟಸ್ವಾಮಿಗೆ.

ಪುಟ್ಟಸ್ವಾಮಿ ನನ್ನ ಗೆಳತಿ ಜಯಮ್ಮನ ಗಂಡ. ಕಾರು ಜಯಮ್ಮನದು. ಕುಣಿಗಲ್ಲಿನಲ್ಲಿ ಕುದುರೆ ಪಳಗಿಸುತ್ತಿದ್ದ ಒಬ್ಬ ಸಾಹೇಬ ಊರು ಬಿಡುವಾಗ ಅದನ್ನು ಅವಳ ಅಪ್ಪನಿಗೆ ಕೊಟ್ಟು ಹೋದನಂತೆ. ಅಪ್ಪ ಮಗಳ ಮದುವೆಯಲ್ಲಿ ಹಸುವಿನ ಬದಲು ಅದನ್ನೇ ಬಳುವಳಿಯಾಗಿ ಕಳಿಸಿದ. ಎರಡೇ ಸೀಟು, ಮೇಲೆ ಮಡಚಿಡುವ ಬಟ್ಟೆಯ ಚಾವಣಿ, ನೆಲಕ್ಕೆ ಅಂಟಿದ ಹಾಗಿರುವ ಕೆಂಪು ರೇಸಿನ ಕಾರು. ನನ್ನ ಕೇಳಿದರೆ ಹಸುವೇ ವಾಸಿ. ಅದು ಸಗಣಿಯನ್ನಾದರೂ ಹಾಕುತ್ತದೆ. ಸೀರೆ ಉಟ್ಟವರು ಆ ಕಾರಿಗೆ ಹತ್ತುವುದಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಆದರೂ ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು, ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ತವರಿಗೆ ಅದನ್ನು ಓಡಿಸುತ್ತಿದ್ದಳು. ಬಲು ಚೆನ್ನಾಗಿ ಓಡಿಸುತ್ತಿದ್ದಳು ಎಂದು ಈಗ ಎಲ್ಲರೂ ಹೇಳುತ್ತಾರೆ. ಸತ್ತವರ ಮೇಲೆ ಸುಳ್ಳು ಹೊರಿಸಬಾರದು. ಬಹಳ ಕೆಟ್ಟದಾಗಿ ಓಡಿಸುತ್ತಿದ್ದಳು. ಗೇಟಿನ ಕಂಬ, ಪಕ್ಕದ ಮನೆಯ ಎಮ್ಮೆ, ಹಾಲಿನ ಡೈರಿಯ ಗೋಡೆ, ಎಲ್ಲವನ್ನೂ ಮಾತಾಡಿಸಿ ಬಂದ ಗುರುತು ಕಾರಿನ ಮೈಮೇಲಿತ್ತು. ಗಂಡನ ಕೈಗೆ ಮಾತ್ರ ಕೊಡುತ್ತಿರಲಿಲ್ಲ. "ಟ್ರಾಕ್ಟರ್ ಓಡ್ಸೋ ಕೈಗೆ ಇದನ್ನ ಕೊಟ್ರೆ ರೋಡನ್ನೇ ಉತ್ತಾಕ್ಬುಡ್ತೀರ" ಎನ್ನುವಳು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಮಾಲೆ ಬಂದು ಜಯಮ್ಮ ಹೋದಳು. ಕಾರು ಕೊಬ್ಬರಿ ಅಟ್ಟದ ಕೆಳಗೆ ನಿಂತಿತು. ಪುಟ್ಟಸ್ವಾಮಿಯೂ ಅಲ್ಲೇ ನಿಂತ. ಡ್ರೈವರ್ ಸೀಟಿನಲ್ಲಿ ಅವಳ ಫೋಟೋ ಇಟ್ಟು ಹಾರ ಹಾಕಿದ. ಶನಿವಾರ ಶನಿವಾರ ಕಾರಿಗೆ ಎಣ್ಣೆಸ್ನಾನ, ಚರ್ಮದ ಸೀಟಿಗೆ, ಬಟ್ಟೆಯ ಚಾವಣಿಗೆ, ಕೊನೆಗೆ ಇಂಜಿನ್ನಿನ ಹೊಟ್ಟೆಗೂ. ಬಾನೆಟ್ಟಿನ ಮೇಲೆ ದಿನಾ ಎಡೆ. ಹಿರಿಯರಿಗೆ ವರ್ಷಕ್ಕೊಂದು ಸಲ ಎಡೆ ಇಡುವುದು ನಮ್ಮ ಪದ್ಧತಿ. ಹಿಂದಿನವರು ಯೋಚನೆ ಮಾಡಿಯೇ ಹಾಗೆ ಇಟ್ಟಿದ್ದಾರೆ, ಉಳಿದ ದಿನ ಬದುಕಿರುವವರು ಉಣ್ಣಲಿ ಎಂದು. ಈತ ಅದನ್ನು ತಲೆಕೆಳಗು ಮಾಡಿದ. ಅವಳಿಗೆ ದಿನಾ ಇಟ್ಟು ತಾನು ಉಣ್ಣುವುದನ್ನು ಬಿಟ್ಟ. ತೋಟದಲ್ಲಿ ಬಿದ್ದ ಕಾಯಿ ಬಿದ್ದಲ್ಲೇ ಮೊಳೆಯಿತು. ಹಾಸಿಗೆಯೂ ಅಟ್ಟದ ಕೆಳಗೆ ಬಂತು. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಕಾರಿನ ಪಕ್ಕದಲ್ಲಿ ಇನ್ನೊಂದು ಫೋಟೋ ಇಡಬೇಕಾಗುತ್ತದೆ ಎಂದು ನನಗೆ ಅನ್ನಿಸತೊಡಗಿತು.

ಒಂದು ದಿನ ನೋಡಲು ಹೋದೆ. ಕಾರಿನ ಬಾಗಿಲು ತೆಗೆದರೆ ಸೀಟಿನೊಳಗಿಂದ ಇಲಿಗಳ ಸಂಸಾರವೇ ಹೊರಗೆ ಹಾರಿತು. ಅವುಗಳದೇನು ತಪ್ಪು? ಕೊಬ್ಬರಿ ಎಣ್ಣೆ ಸವರಿದ ಚರ್ಮ ಎಂದರೆ ಇಲಿಗೆ ಹೋಳಿಗೆ. ಚರ್ಮ ಮುಗಿಸಿ ಇಂಜಿನ್ನಿನ ವೈರುಗಳಿಗೆ ಬಾಯಿ ಹಾಕಿದ್ದವು.

"ಏನಪ್ಪ ಇದು? ಜಯಮ್ಮನ ಎಡೇನ ಇಲಿ ತಿಂತಾ ಅವೆ. ನಿನ್ನ ಊಟಾನ ಯಾರು ತಿಂತಾ ಅವ್ರೆ?"

"ಇರ್ಲಿ ಬುಡಕ್ಕ. ಅವಳು ಹೆಂಗೆ ಬುಟ್ಟೋದ್ಲೋ ಹಂಗೇ ಇರ್ಲಿ."

"ಅವಳು ಇಲಿ ಸಾಕಿರ್ಲಿಲ್ಲ ಕಣಪ್ಪ."

ಅವನು ಅಳಲು ಶುರುಮಾಡಿದ. ಗಂಡಸರು ಅತ್ತರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ಟ್ರಾಕ್ಟರಿನ ಕೀ ಎಲ್ಲಿದೆ ಎಂದು ಕೇಳಿದೆ.

ಆಳುಗಳು ಕಾರನ್ನು ಟ್ರೈಲರ್ ಮೇಲೆ ಹೇರಿದರು. ಮುಂದೆ ಪುಟ್ಟಸ್ವಾಮಿ ಟ್ರಾಕ್ಟರ್ ಓಡಿಸಿದ, ಹಿಂದೆ ಕಾರಿನಲ್ಲಿ ನಾನು ಕೂತೆ. ದಾರಿಯಲ್ಲಿ ಯಾವುದೋ ಎಲೆಕ್ಷನ್ ಮೆರವಣಿಗೆ ಎಂದುಕೊಂಡು ಜನ ಕೈಮುಗಿದರು. ನಾನೂ ಮುಗಿದೆ.

ತುಮಕೂರಿನ ಶಿರಾ ಗೇಟಿನಲ್ಲಿ ಮುನೀರ್ ಎಂಬ ಮೆಕ್ಯಾನಿಕ್ಕು ಇದ್ದ. ವಿಮಾನ ತಂದು ನಿಲ್ಲಿಸಿದರೂ ರಿಪೇರಿ ಮಾಡುತ್ತೇನೆ ಎನ್ನುವ ಬಾಯಿ. ಇಂಜಿನ್ ಬಿಚ್ಚಿ, ಬೆರಳು ಅದ್ದಿ, ಮೂಸಿ ನೋಡಿದ.

"ಯಾರಜ್ಜೀ ಇದಕ್ಕೆ ಒಗ್ಗರಣೆ ಹಾಕಿರೋದು?"

"ಇವ್ರೇ" ಎಂದು ತೋರಿಸಿದೆ. ಪುಟ್ಟಸ್ವಾಮಿ ಆಕಾಶ ನೋಡಿದ.

ವಿಮಾನದ ಮಾತಾಡಿದ ಮುನೀರನಿಗೆ ಆ ಕಾರಿನ ಒಂದು ಬೋಲ್ಟೂ ಸಿಗಲಿಲ್ಲ. ಒಂದು ಸಲ ಇಂಜಿನ್ನನ್ನು ಪೂರ್ತಿ ಜೋಡಿಸಿದ ಮೇಲೆ ಒಂದು ಬಟ್ಟಲಿನಷ್ಟು ಸಾಮಾನು ಮಿಕ್ಕಿತು, ಮತ್ತೆ ಬಿಚ್ಚಿದ. ಕಡೆಗೆ ದೀಪ ಸ್ಕೂಟರಿನದಾಯಿತು, ಹಾರ್ನು ಲಾರಿಯದಾಯಿತು. ಸೀಟನ್ನು ಲಾರಿಗೆ ಕುಶನ್ ಹೊಲಿಯುವವನು ನಮ್ಮ ತೋಟದ ತೆಂಗಿನ ನಾರು ತುಂಬಿ ಹೊಲಿದ. ಇದನ್ನೆಲ್ಲ ಕಾಯಲು ಪುಟ್ಟಸ್ವಾಮಿ ದಿನಾ ಬಸ್ಸಿನಲ್ಲಿ ಬರತೊಡಗಿದ. ಬಂದವನಿಗೆ ಹಸಿವಾಗುತ್ತಿತ್ತು. ಶಿರಾ ಗೇಟಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದ. ಕಾರು ರಿಪೇರಿಯಾಗುತ್ತಿತ್ತೋ ಇಲ್ಲವೋ, ಅವನ ಕೆನ್ನೆ ಸ್ವಲ್ಪ ತುಂಬಿತು. ಮುನೀರ್ ತಡ ಮಾಡಿದಷ್ಟೂ ಒಳ್ಳೆಯದು ಎಂದು ನಾನು ಸುಮ್ಮನಿದ್ದೆ.

ಜಗಳವಾದದ್ದು ಕಾರಿನ ಮೈಮೇಲಿನ ತಗ್ಗುಗಳ ವಿಚಾರಕ್ಕೆ. ಮುನೀರ್ ಸುತ್ತಿಗೆ ಎತ್ತಿದರೆ ಪುಟ್ಟಸ್ವಾಮಿ ಅಡ್ಡ ನಿಂತ.

"ಅದು ಜಯ ಮಾಡಿದ್ದು."

"ಎಮ್ಮೆ ಮಾಡಿದ್ದು" ಎಂದೆ.

"ಸೀಟು ಹೋಯ್ತು, ದೀಪ ಹೋಯ್ತು. ಇದೂ ಹೋದ್ರೆ ಇದ್ರಲ್ಲಿ ಅವಳ್ದು ಅಂತ ಏನಕ್ಕ ಉಳೀತು?"

ಪ್ರಶ್ನೆ ಸುಲಭದ್ದಲ್ಲ. ಓದಿದವರು ಇದಕ್ಕೆ ಏನು ಹೇಳುತ್ತಾರೋ ನಾನರಿಯೆ. ನನಗೆ ಗೊತ್ತಿರುವುದು ಹಾಲು, ಮೊಸರು. ನಮ್ಮ ಮನೆಯ ಹೆಪ್ಪು ನಮ್ಮತ್ತೆಯ ಅತ್ತೆ ತವರಿನಿಂದ ತಂದದ್ದು. ಅವತ್ತಿನ ಹಾಲಿನ ಒಂದು ತೊಟ್ಟೂ ಈಗಿಲ್ಲ, ಆ ಹಸುವಿಲ್ಲ, ಆ ಗಡಿಗೆಯಿಲ್ಲ. ಆದರೂ ಅದು ಆ ಮುದುಕಿಯ ಮೊಸರೇ, ಅಷ್ಟೇ ಹುಳಿ. ದಿನಾ ಹೊಸ ಹಾಲು ಹುಯ್ದದ್ದಕ್ಕೆ ಅದು ಉಳಿಯಿತು. ಆಯಮ್ಮನ ನೆನಪಿಗೆ ಇರಲಿ ಎಂದು ಹಳೆಯ ಗಡಿಗೆಗೆ ಹಾರ ಹಾಕಿ ಇಟ್ಟಿದ್ದರೆ ಹುಳ ಬೀಳುತ್ತಿತ್ತು. ಇಷ್ಟನ್ನು ಅವನಿಗೆ ಹೇಳಿದೆ. ಅವನು ಮುನೀರನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಎಮ್ಮೆಯ ತಗ್ಗನ್ನು ತಾನೇ ಬಡಿದ. ಎಷ್ಟು ಕೆಟ್ಟದಾಗಿ ಬಡಿದನೆಂದರೆ ಅದನ್ನು ಸರಿಮಾಡಲು ಮುನೀರನಿಗೆ ಎರಡು ದಿನ ಹಿಡಿಯಿತು.

ಕಾರು ತಯಾರಾಯಿತು. ಡ್ರೈವರ್ ಸೀಟಿನಲ್ಲಿ ಇಬ್ಬರು ಕೂರಲಾಗದು. ಫೋಟೋವನ್ನು ನಡುಮನೆಯ ಗೋಡೆಗೆ ಹಾಕಿಸಿದೆ. ಮಾರ್ಕೋನಹಳ್ಳಿಯ ಡ್ಯಾಮಿನವರೆಗೆ ಹೋಗಿ ಬರೋಣ ಎಂದು ಹೊರಟೆವು. ಜಯಮ್ಮ ಹೇಳಿದ್ದು ಸುಳ್ಳಲ್ಲ, ಅವನು ಉತ್ತುಕೊಂಡೇ ಹೋದ. ಡ್ಯಾಮಿನ ಹತ್ತಿರ ನಾನು ಇಳಿದು, ಮುದುಕರಿಗೆ ಆಗಾಗ ಬರುವ ಅವಸರಕ್ಕೆ ಪೊದೆಯ ಮರೆಗೆ ಹೋದೆ. ಈಚೆ ಬಂದು ನೋಡಿದರೆ ಕಾರಿಲ್ಲ. ದೂರದಲ್ಲಿ ಧೂಳು, ಲಾರಿಯ ಹಾರ್ನು.

ಕಾದೆ. ಬರಲಿಲ್ಲ. ಎರಡು ಬಸ್ಸು ಬದಲಾಯಿಸಿ, ಉದ್ದಕ್ಕೂ ನಿಂತುಕೊಂಡೇ, ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತ ಗುಬ್ಬಿಗೆ ಬಂದು ನೇರ ಅವನ ಮನೆಗೆ ನುಗ್ಗಿದೆ. ತಾನೇ ಮುದ್ದೆ ತಿರುವಿಕೊಂಡು ಉಣ್ಣಲು ಕೂತಿದ್ದ.

"ಏನ್ಲಾ ಪುಟ್ಟಸ್ವಾಮಿ! ಪಕ್ಕದ ಸೀಟಲ್ಲಿ ಯಾರಾದ್ರೂ ಇದ್ರಾ ಅಂತ ನೋಡಿದ್ಯೇನ್ಲಾ?"

"ಅಯ್ಯಯ್ಯೋ ಅಕ್ಕ!" ಎಂದು ತಲೆಗೆ ಕೈಯಿಟ್ಟುಕೊಂಡ. "ತಿರುಗ್ಸಿ ನಿಲ್ಸಣ ಅಂತ ಎತ್ತಿದೆ. ಏನ್ ಎಳೀತು ಅಂತೀಯ! ಹಂಗೇ ಬಂದ್ಬುಟ್ಟೆ. ಮನೆ ಬರೋಗಂಟ ನಂಗೆ ಯಾರೂ ಜ್ಞಾಪಕಕ್ಕೆ ಬರ್ಲಿಲ್ಲ ಕಣಕ್ಕ."

"ಯಾರೂ?"

"ಯಾರೂ" ಎಂದ. ಮುರಿದ ತುತ್ತು ಕೈಯಲ್ಲೇ ಉಳಿಯಿತು. ತಾನು ಏನು ಹೇಳಿದೆನೆಂದು ಅವನಿಗೆ ಆಗ ತಿಳಿಯಿತು.

ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಬೈಗುಳದಲ್ಲಿ ಒಂದನ್ನೂ ನಾನು ಆಡಲಿಲ್ಲ. "ಮುದ್ದೆ ಆರೋಗ್ತದೆ, ಉಣ್ಣು" ಎಂದೆ. ಉಂಡ. ಮರೆತದ್ದು ತಪ್ಪಾಯಿತೇ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಜಯಮ್ಮನ ವಿಚಾರದಲ್ಲಿ ಇಲ್ಲ, ನನ್ನ ವಿಚಾರದಲ್ಲಿ ಹೌದು ಎನ್ನುತ್ತಿದ್ದೆ. ಅವಳು ಬಸ್ಸಿನಲ್ಲಿ ನಿಂತು ಬರಬೇಕಾಗಿರಲಿಲ್ಲ.