ಏಳನೇ ಪ್ರಶ್ನೆಗೆ ಸರಿಯುತ್ತರ

ಬಸ್ ಡಿಪೋದ ಆಪ್ತಸಲಹೆಗಾರ್ತಿಗೆ ಚಿಕ್ಕಂದಿನಿಂದಲೂ ಒಂದು ಚಟ: ಕಂಡದ್ದನ್ನೆಲ್ಲ ಕೇಳುವುದು. ನೆಂಟರ ಮನೆಗೆ ಹೋದರೆ ಬೀಗ ಹಾಕಿದ ಕೋಣೆಯಲ್ಲೇನಿದೆ ಎಂದು ಕೇಳದೆ ಹೊರಡುತ್ತಿರಲಿಲ್ಲ. "ಎಲ್ಲದಕ್ಕೂ ಮೂಗು ತೂರಿಸ್ತೀಯಲ್ಲೇ" ಎಂದು ಅಕ್ಕ ರೇಗುತ್ತಿದ್ದಳು. ಇಂಥವಳಿಗೆ ಪ್ರಶ್ನೆ ಕೇಳುವುದಕ್ಕೇ ಸಂಬಳ ಕೊಡುವ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಗ್ರಹಚಾರ ನೋಡಿ, ಪ್ರಶ್ನೆಗಳನ್ನು ಯಾರೋ ಮೊದಲೇ ಅಚ್ಚು ಹಾಕಿಸಿಟ್ಟಿದ್ದರು.

ಅವಳ ಕೋಣೆಗಿದ್ದದ್ದು ಒಂದೇ ಕಿಟಕಿ. ಅದರಾಚೆ ಬಸ್ಸು ತೊಳೆಯುವ ಜಾಗ. ಅಪಘಾತವಾದ ಬಸ್ಸಿನ ಚಾಲಕ ಆಕೆಯ ಎದುರು ಕೂತು ಹದಿನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಬೇಕು. ನಿದ್ದೆ ಬರುತ್ತದೆಯೇ? ಊಟ ಸೇರುತ್ತದೆಯೇ? ಅಂಕ ಸರಿಬಂದರೆ ಆಕೆ 'ಚಾಲನೆಗೆ ಯೋಗ್ಯ' ಎಂದು ಸಹಿ ಹಾಕಬೇಕು. ಒಂಬತ್ತು ವರ್ಷದಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಇದು ತನ್ನ ಕೈಗುಣ ಎಂದುಕೊಂಡಿದ್ದಳು, ಪಾಪ.

ಹನ್ನೊಂದನೇ ನಂಬರ್ ಬಸ್ಸಿನ ಚಾಲಕ ಬಂದದ್ದು ಆಗ. ಐವತ್ತರ ಆಸುಪಾಸಿನ, ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವ ಅಚ್ಚುಕಟ್ಟಿನ ಮನುಷ್ಯ. ಆತನ ಬಸ್ಸಿಗೆ ಸಿಕ್ಕಿ ಒಬ್ಬ ಪಾದಚಾರಿ ತೀರಿಕೊಂಡಿದ್ದರು. ಚಾಲಕನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ಆತ ಐದೇ ನಿಮಿಷದಲ್ಲಿ ಹಾಳೆ ತುಂಬಿದ, ಅಂಕ ಸರಿಬಂತು, ಆಕೆ ಸಹಿ ಹಾಕಿದಳು.

ಮೂರನೆಯ ದಿನ ಆತ ನಲವತ್ತು ಜನರಿದ್ದ ಬಸ್ಸನ್ನು ಒಂದು ಸ್ಟಾಪಿನಲ್ಲಿ ನಿಲ್ಲಿಸಿದವನು ಮತ್ತೆ ಹೊರಡಲೇ ಇಲ್ಲ. ಸ್ಟೀರಿಂಗ್‌ಗೆ ಕಚ್ಚಿಕೊಂಡಿದ್ದ ಕೈ ಬಿಡಿಸಲು ಇಬ್ಬರು ಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ ಸುದ್ದಿ ಕೇಳಿ ಸಲಹೆಗಾರ್ತಿಯ ಜೀವ ಬಾಯಿಗೆ ಬಂತು. ಬಸ್ಸು ಓಡುತ್ತಿರುವಾಗಲೇ ಹಾಗಾಗಿದ್ದರೆ? ಸಹಿ ತನ್ನದು.

ಭಯದ ಬೆನ್ನಿಗೇ ಹಳೆಯ ಚಟ ತಲೆಯೆತ್ತಿತು. ಇಷ್ಟು ನೊಂದವನ ಹಾಳೆಯಲ್ಲಿ ಒಂದಾದರೂ ಉತ್ತರ ಏರುಪೇರಾಗಿರಬೇಡವೇ? ಹಳೆಯ ಫೈಲುಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡು ಕೂತಳು. ಇಪ್ಪತ್ತಾರು ಚಾಲಕರು. ಕೆಟ್ಟ ಕನಸು ಬೀಳುತ್ತದೆಯೇ ಎಂಬ ಏಳನೇ ಪ್ರಶ್ನೆಗೆ ಇಪ್ಪತ್ತಾರು ಜನರದ್ದೂ ಒಂದೇ ಉತ್ತರ: 'ಅಪರೂಪಕ್ಕೆ'. ಎದ್ದವಳೇ ಕ್ಯಾಂಟೀನಿಗೆ ಹೋಗಿ ಹಿರಿಯ ಕಂಡಕ್ಟರನ್ನು ಹಿಡಿದಳು.

"ಅಯ್ಯೋ ಮೇಡಂ, ಅದು ಇಲ್ಲಿ ಎಲ್ಲರಿಗೂ ಬಾಯಿಪಾಠ" ಎಂದ ಆತ, ಸಂಕೋಚವೇ ಇಲ್ಲದೆ. "ಏಳಕ್ಕೆ 'ಇಲ್ಲವೇ ಇಲ್ಲ' ಅಂದ್ರೆ ನಿಮಗೆ ಅನುಮಾನ ಬರುತ್ತೆ. 'ಅಪರೂಪಕ್ಕೆ' ಅಂದ್ರೆ ತಲೆ ಆಡಿಸ್ತೀರಿ."

"ನಾನು ತಲೆ ಆಡಿಸ್ತೀನಾ?"

"ಹೂಂ. ಸ್ವಲ್ಪ ನಗ್ತೀರಿ ಕೂಡ."

ಆಕೆ ಬೆಪ್ಪಾದಳು. ತಾನು ಚಾಲಕರನ್ನು ಓದುತ್ತಿದ್ದೇನೆ ಎಂದುಕೊಂಡಿದ್ದರೆ, ಇಡೀ ಡಿಪೋ ಒಂಬತ್ತು ವರ್ಷದಿಂದ ತನ್ನನ್ನು ಓದಿ ಪಾಸಾಗುತ್ತಿತ್ತು. ನಾಚಿಕೆಯಾಯಿತು, ನಗುವೂ ಬಂತು.

ಆ ಚಾಲಕನನ್ನು ಮತ್ತೆ ಪರೀಕ್ಷಿಸಿ ಎರಡನೆಯ ಸಹಿ ಹಾಕಲು ಆಕೆಗೆ ಒಂದು ತಿಂಗಳ ಗಡುವು. ಯೋಗ್ಯ ಎಂದರೆ ಆತ ಮತ್ತೆ ಅದೇ ಬಸ್ಸು ಹತ್ತಬೇಕು. ಅಲ್ಲ ಎಂದರೆ ಸ್ಟೀರಿಂಗ್ ಶಾಶ್ವತವಾಗಿ ಕೈತಪ್ಪಿ ಉಗ್ರಾಣದಲ್ಲಿ ಬಿಡಿಭಾಗ ಜೋಡಿಸುವ ಕೆಲಸ. ಈ ಸಲ ಆಕೆ ಹಾಳೆ ಕೊಡಲಿಲ್ಲ. ದಿನವೂ ಆತನನ್ನು ಕೆಟ್ಟು ನಿಂತ ಒಂದು ಬಸ್ಸಿಗೆ ಕರೆದೊಯ್ದು, ತನಗೆ ನಿಜಕ್ಕೂ ಗೊತ್ತಿಲ್ಲದ್ದನ್ನು ಕೇಳತೊಡಗಿದಳು. ತಿರುವಿನಲ್ಲಿ ಹಿಂದಿನ ಚಕ್ರ ಎಲ್ಲಿದೆ ಎಂದು ಹೇಗೆ ತಿಳಿಯುತ್ತದೆ? ಮಳೆಯಲ್ಲಿ ಬ್ರೇಕು ಹೇಗೆ? ಇಂಥ ಪ್ರಶ್ನೆಗಳಿಗೆ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲ. ಆತ ನಿಧಾನವಾಗಿ ಬಾಯಿಬಿಟ್ಟ.

"ಈ ಒಳಗಿನ ಕನ್ನಡೀಲಿ ಯಾರು ಕಾಣ್ತಾರೆ?" ಎಂದು ಒಂದು ದಿನ ಕೇಳಿದಳು.

"ಮೊದಲನೇ ಸೀಟಿನವರು. ಅಜ್ಜಿ."

"ಯಾವ ಅಜ್ಜಿ?"

"ದಿನಾ ಬೆಳಗ್ಗೆ ಹೊಲಿಗೆ ಅಂಗಡಿಗೆ ಹೋಗೋರು. ಹನ್ನೊಂದು ವರ್ಷ. ಬಸ್ಸು ಲೇಟು ಅಂತ ದಿನಾ ಬಯ್ಯೋರು. ಬಯ್ಯದೇ ಹತ್ತಿದ್ರೆ ಹುಷಾರಿಲ್ವಾ ಅಂತ ನಾನೇ ಕೇಳ್ತಿದ್ದೆ. ಆವತ್ತೂ ಬೈದೇ ಇಳಿದ್ರು. ಇಳಿದವರು ಬಸ್ಸಿನ ಮುಂದಿಂದಾನೇ ದಾಟ್ತಾರೆ ಅಂತ ನಾನು..." ಆತ ಕನ್ನಡಿಯನ್ನು ಆಚೆ ತಿರುಗಿಸಿದ.

ಫೈಲಿನ ಪಾದಚಾರಿ ಈ ಅಜ್ಜಿ ಎಂದು ಆಕೆಗೆ ತಿಳಿದದ್ದು ಆಗ.

"ಪೊಲೀಸರು ಬ್ರೇಕ್ ಬಗ್ಗೆ ಕೇಳಿದ್ರು, ನೀವು ನಿದ್ದೆ ಬಗ್ಗೆ ಕೇಳಿದ್ರಿ. ಆ ಅಜ್ಜಿ ನನಗೆ ಗೊತ್ತಾ ಅಂತ ಯಾರೂ ಕೇಳಲಿಲ್ಲ. ಅವರ ಜೀವ ಹೋಗಿದ್ದು ನನ್ನ ಬಸ್ಸಿಂದ. ನಾನೇ ಅವರಿಗೋಸ್ಕರ ಅತ್ತರೆ ಜನ ಏನಂತಾರೆ? ನಾನು ಅಳಬಹುದಾ, ಮೇಡಂ?"

ಆಕೆಗೆ ತುಂಬ ಸಂಕಟವಾಯಿತು. ಅಳಬಹುದು ಎಂದುಬಿಡುವುದು ಸುಲಭವಿತ್ತು. ಆದರೆ ಆತನೊಳಗೆ ಆ ಕ್ಷಣದ ಭಯವೂ ಅಜ್ಜಿಯ ದುಃಖವೂ ಗಂಟು ಬಿದ್ದಿದ್ದವು. ಅದನ್ನು ಬಿಡಿಸುವುದು ಹೇಗೆಂದು ಆಕೆ ಕಲಿತೇ ಇರಲಿಲ್ಲ. "ನನಗೆ ಗೊತ್ತಿಲ್ಲ. ಗೊತ್ತುಮಾಡ್ಕೋತೀನಿ" ಎಂದಳು.

ಮಾತಿಗೆ ತಪ್ಪಲಿಲ್ಲ. ಮರುವರ್ಷವೇ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಮಗಳ ಓರಗೆಯವರ ಜೊತೆ ಬೆಂಚಿನಲ್ಲಿ ಕೂತು ದುಃಖ ಮತ್ತು ಆಘಾತದ ಚಿಕಿತ್ಸೆಯನ್ನೇ ಓದಿದಳು. ಈಗ ಬೇರೆ ಡಿಪೋಗಳವರೂ ಆಕೆಯನ್ನು ಹುಡುಕಿಕೊಂಡು ಬರುತ್ತಾರೆ.

ಆದರೆ ಆ ತಿಂಗಳ ಗಡುವು ಮುಗಿದ ದಿನ ಆಕೆಗೆ ಇನ್ನೂ ಆ ಓದು ಇರಲಿಲ್ಲ. ಚಾಲಕ ಬಂದು ಎದುರು ಕೂತ.

"ಯೋಗ್ಯ ಅಲ್ಲ ಅಂತ ಬರೀತೀನಿ. ಕೋಪಾನಾ?"

"ಇಲ್ಲ, ಹಾಗೇ ಬರೀರಿ. ಕಾರಣ ಅನ್ನೋ ಕಡೆ ಏನು ಹಾಕ್ತೀರಿ?"

ಆಕೆ 'ಆಪ್ತರೊಬ್ಬರ ಸಾವು' ಎಂದು ಬರೆದು ಹಾಳೆಯನ್ನು ಆತನತ್ತ ತಿರುಗಿಸಿದಳು. ಆತ ಅದನ್ನು ಎರಡು ಸಲ ಓದಿ, ತನಗೂ ಒಂದು ಪ್ರತಿ ಸಿಗುತ್ತದೆಯೇ ಎಂದು ಕೇಳಿದ.